ಸ್ಮಾರ್ಟ್ ಬಲ್ಬ್ ಕೊಳ್ಳುವ ಮುನ್ನ: ವೈಫೈ, ಬ್ಲೂಟೂತ್, ಜಿಗ್‌ಬೀ ವ್ಯತ್ಯಾಸ ತಿಳಿಯಿರಿ

ಹೊಸ ಸ್ಮಾರ್ಟ್ ಬಲ್ಬ್ ಎಷ್ಟು ಸಲ ಪ್ರಯತ್ನಿಸಿದರೂ ವೈಫೈಗೆ ಕನೆಕ್ಟ್ ಆಗುತ್ತಿಲ್ಲವೇ? ಬಲ್ಬ್ ಕೆಟ್ಟಿದೆ ಎಂದು ವಾಪಸ್ ಮಾಡಲು ಹೊರಡಬೇಡಿ. ಇಂತಹ ಹೆಚ್ಚಿನ ಸಾಧನಗಳು 2.4 ಗಿಗಾಹರ್ಟ್ಸ್ ವೈಫೈನಲ್ಲಿ ಮಾತ್ರ ಕೆಲಸ ಮಾಡುತ್ತವೆ. 5 ಗಿಗಾಹರ್ಟ್ಸ್ ಸಿಗ್ನಲ್ ಅವಕ್ಕೆ ಸಿಗುವುದೇ ಇಲ್ಲ.

ಸಾಧನಗಳು ಪರಸ್ಪರ ಸಂದೇಶ ಕಳಿಸಲು ಪಾಲಿಸುವ ನಿಯಮಗಳೇ ಪ್ರೋಟೋಕಾಲ್. ಹೆಚ್ಚು ಬಳಕೆಯಲ್ಲಿರುವವು ಇವು:

ವೈಫೈ: ವಿಡಿಯೋ ಕಳಿಸುವಷ್ಟು ವೇಗವಿದೆ. ಕ್ಯಾಮೆರಾ, ಟಿವಿಗೆ ಸೂಕ್ತ. ಆದರೆ ವಿದ್ಯುತ್ ಹೆಚ್ಚು ಬೇಕು.

ಬ್ಲೂಟೂತ್ ಲೋ ಎನರ್ಜಿ: 2010ರಲ್ಲಿ ಬ್ಲೂಟೂತ್ 4.0 ಜತೆ ಬಂತು. ವಾಚ್, ಫಿಟ್‌ನೆಸ್ ಬ್ಯಾಂಡ್‌ಗಳು ಸಣ್ಣ ಬ್ಯಾಟರಿಯಲ್ಲೇ ದಿನಗಟ್ಟಲೆ ನಡೆಯಲು ಇದು ನೆರವಾಗುತ್ತದೆ. ವ್ಯಾಪ್ತಿ ಕಡಿಮೆ.

ಜಿಗ್‌ಬೀ: ಸದಾ ಕರೆಂಟ್ ಇರುವ ಬಲ್ಬ್, ಪ್ಲಗ್‌ಗಳು ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಹೀಗಾಗಿ ಕೊನೆಯ ಕೋಣೆಗೂ ಸಿಗ್ನಲ್ ತಲುಪುತ್ತದೆ. ಆದರೆ ಪ್ರತ್ಯೇಕ ಹಬ್ ಬೇಕು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಈ ಕೊಂಡಿ ಕಡಿಯಬಹುದು.

ಎಂಕ್ಯೂಟಿಟಿ: ಇದು ರೇಡಿಯೋ ಅಲ್ಲ, ನೆಟ್‌ವರ್ಕ್ ಮೂಲಕ ಪುಟ್ಟ ಸಂದೇಶ ಸಾಗಿಸುವ ವಿಧಾನ. 1999ರಲ್ಲಿ ತೈಲ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ರೂಪುಗೊಂಡಿತು.

ಮ್ಯಾಟರ್: ಬೇರೆ ಬೇರೆ ಕಂಪನಿಗಳ ಸಾಧನಗಳು ಹೊಂದಿಕೊಳ್ಳಲೆಂದು 2022ರ ಅಕ್ಟೋಬರ್‌ನಲ್ಲಿ ಬಂದ ಮಾನದಂಡ. ಆಪಲ್, ಗೂಗಲ್, ಅಮೆಜಾನ್ ಮೂರೂ ಬೆಂಬಲಿಸಿವೆ. ಮನೆಯೊಳಗಿನ ನಿಯಂತ್ರಣಕ್ಕೆ ಇಂಟರ್‌ನೆಟ್ ಕಡ್ಡಾಯವಲ್ಲ.

ಯಾವುದನ್ನು ಆರಿಸಬೇಕು? ಬಾಡಿಗೆ ಫ್ಲಾಟ್‌ನಲ್ಲಿ ನಾಲ್ಕೈದು ಸಾಧನಗಳಿದ್ದರೆ ವೈಫೈ ಸಾಕು. ಮನೆ ತುಂಬ ಸೆನ್ಸರ್ ಬೇಕಿದ್ದರೆ ಜಿಗ್‌ಬೀ ನೋಡಿ. ಬಾಗಿಲ ಬೀಗದಂಥ ಸಾಧನ ಕೊಳ್ಳುವಾಗ ಮಾತ್ರ ಇಂಟರ್‌ನೆಟ್ ಹೋದರೂ ಅದು ತೆರೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.