ಗೋಡೆ ಎಷ್ಟು ಬಣ್ಣ ಕುಡಿಯುತ್ತದೆ?

"ಹೆಗಡೇರೇ, ಎಷ್ಟು ಲೀಟರ್ ಕೊಡಲಿ?" ಶಿರಸಿ, ಸಿದ್ದಾಪುರಗಳ ಪೇಂಟ್ ಅಂಗಡಿಯಲ್ಲಿ ಈ ಪ್ರಶ್ನೆಗೆ ಲೀಟರಿನಲ್ಲಿ ಉತ್ತರ ಬರುವುದು ಅಪರೂಪ. "ಐದು ಅಂಕಣದ ಮನೆ, ಮೇಲೆ ಮೆತ್ತು ಇದೆ, ನೀವೇ ನೋಡಿ ಕೊಡಿ ಮಾರಾಯ್ರೇ" ಎಂದು ಭಾರವೆಲ್ಲ ಅಂಗಡಿಯವನ ತಲೆಗೆ. ಅವನು 20 ಲೀಟರಿನ ಬಕೆಟ್ ಎತ್ತಿಡುತ್ತಾನೆ. ಅದು ಅರ್ಧ ಗೋಡೆಗೇ ಮುಗಿಯುತ್ತದೆ, ಇಲ್ಲವೇ ಉಳಿದದ್ದು ಕೊಟ್ಟಿಗೆಯ ಮೂಲೆಯಲ್ಲಿ ಕೂತು ಗಟ್ಟಿಯಾಗುತ್ತದೆ.

ಅಳತೆಯ ಭಾಗ ಸುಲಭ. ಬಿಳಗಿ ಕಡೆಯ ಒಂದು ಹಂಚಿನ ಮನೆ ಎಂದಿಟ್ಟುಕೊಳ್ಳಿ: 40 ಅಡಿ ಉದ್ದ, 25 ಅಡಿ ಅಗಲ, ಗೋಡೆಯ ಎತ್ತರ 10 ಅಡಿ. ಸುತ್ತಳತೆ 130 ಅಡಿ, ಹೊರಗೋಡೆ 1,300 ಚದರಡಿ. ಬಹಳ ಮಂದಿ ಇಲ್ಲಿಗೇ ಪೆನ್ನು ಮುಚ್ಚುತ್ತಾರೆ. ಮಾಡಿನ ಅಡಿಗೆ ಎರಡು ಪಕ್ಕದಲ್ಲೂ ಒಂದೊಂದು ತ್ರಿಕೋನ ಗೋಡೆ ನಿಂತಿರುತ್ತದೆಯಲ್ಲ! ಇಳಿಜಾರು 30 ಡಿಗ್ರಿ ಇದ್ದರೆ ಅದರ ಎತ್ತರ ಏಳಡಿಗೆ ಮಿಕ್ಕುತ್ತದೆ. ಒಂದಕ್ಕೆ 90ರಂತೆ ಎರಡಕ್ಕೆ 180 ಚದರಡಿ. ಬಾಗಿಲು, ಕಿಟಕಿಗೆಂದು 120 ಕಳೆದರೆ ಉಳಿಯುವುದು 1,360. ಪೇಟೆಯ ಗುತ್ತಿಗೆದಾರರು ನೆಲದ ವಿಸ್ತೀರ್ಣವನ್ನು ಮೂರೂವರೆಯಿಂದ ಗುಣಿಸಿಬಿಡುತ್ತಾರೆ. ಬೆಂಗಳೂರಿನ ಫ್ಲಾಟಿಗೆ ಆ ಸೂತ್ರ ಹೇಗೋ ನಡೆದೀತು. ಒಂದು ಮಗ್ಗುಲು ತೆರೆದ ಜಗಲಿ, ಬಣ್ಣ ಬೇಡದ ಹಂಚಿನ ಸೂರು ಇರುವ ಮನೆಗೆ ಅದನ್ನು ನಂಬಬೇಡಿ.

ಕಷ್ಟ ಶುರುವಾಗುವುದು ಚದರಡಿಯನ್ನು ಲೀಟರಿಗೆ ತಿರುಗಿಸುವಾಗ. ಹೊರಗೋಡೆಯ ಎಮಲ್ಶನ್ ಎರಡು ಕೋಟಿಗೆ, ಲೀಟರಿಗೆ ಸುಮಾರು 55 ಚದರಡಿ ಬರುತ್ತದೆಂದು ಇಟ್ಟುಕೊಳ್ಳೋಣ. ಅಂದರೆ ಒಂದು ಕೋಟಿಗೆ 110 ಚದರಡಿ, ಹೆಚ್ಚುಕಡಿಮೆ 10 ಚದರ ಮೀಟರ್. ಒಂದು ಲೀಟರನ್ನು 10 ಚದರ ಮೀಟರಿಗೆ ಸಮನಾಗಿ ಹರಡಿದರೆ ಪದರದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಆರಿ ಹೋಗುತ್ತದೆ. ಎರಡು ಕೋಟ್ ಒಣಗಿ ಉಳಿಯುವುದು ಸರಿಸುಮಾರು ಒಂದು ತಲೆಗೂದಲಿನ ದಪ್ಪ. ಮಲೆನಾಡಿನ ಮಳೆಗೆ ಎದುರು ನಿಲ್ಲಬೇಕಾದದ್ದು ಅಷ್ಟೇ. ಪೇಂಟರ್ ನೀರು ಹೆಚ್ಚು ಬೆರೆಸಿ ಲೀಟರ್ ಉಳಿಸಿಕೊಟ್ಟರೆ, ಉಳಿಸಿದ್ದು ಈ ದಪ್ಪದಿಂದಲೇ.

ಈ ಲೆಕ್ಕಕ್ಕೆ ನಮ್ಮ ಮನೆಗೆ 25 ಲೀಟರ್. ಆದರೆ ಡಬ್ಬದ ಅಂಕಿ ನುಣ್ಣಗಿನ ಗೋಡೆಯದು. ಗಾರೆ ಮಾಡದ ಕೆಂಪುಕಲ್ಲಿನ ಗೋಡೆಯ ಹತ್ತಿರ ಹೋಗಿ ನೋಡಿ, ಮೈಯೆಲ್ಲ ಗುಳಿ. 1801ರಲ್ಲಿ ಸೋಂದಾ, ಶಿರಸಿ, ಬನವಾಸಿಯ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರ ತನ್ನ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ನೆಲದಲ್ಲಿದ್ದಾಗ ಕೊಡಲಿಯಿಂದ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಗುಳಿಯೊಂದು ಅರ್ಧಗೋಳದ ಆಕಾರದಲ್ಲಿದ್ದರೆ ಅದರ ಒಳಮೈ ಬಾಯಿಯ ಸರಿಯಾಗಿ ಎರಡು ಪಟ್ಟು. ಗೋಡೆಯ ಅರ್ಧ ಭಾಗ ಇಂಥ ಗುಳಿಗಳಾದರೆ, ಟೇಪಿನಲ್ಲಿ 100 ಚದರಡಿ ಬಂದದ್ದು ಬಣ್ಣಕ್ಕೆ 150. 25 ಲೀಟರ್ 37ಕ್ಕೆ ಏರಿತು.

ಮಣ್ಣಿನ ಗೋಡೆಯ, ಹಳೇ ಸುಣ್ಣದ ಗೋಡೆಯ ದಾಹ ಬೇರೆ ಬಗೆ. ಅವುಗಳ ಸಣ್ಣ ರಂಧ್ರಗಳು ಬಣ್ಣದ ನೀರನ್ನೂ ಅಂಟನ್ನೂ ಒಳಗೆ ಎಳೆದುಕೊಳ್ಳುತ್ತವೆ. ಮೇಲೆ ಉಳಿದ ಬಣ್ಣದ ಪುಡಿ ಒರಗಿದವರ ಅಂಗಿಗೆ ಹತ್ತುತ್ತದೆ. ಪ್ರೈಮರ್ ಇರುವುದು ಅಗ್ಗದಲ್ಲಿ ಈ ದಾಹ ತೀರಿಸಲಿಕ್ಕೆ. ಅದನ್ನು ಬಿಟ್ಟು ಉಳಿತಾಯ ಮಾಡಿದವರು ದುಬಾರಿ ಎಮಲ್ಶನ್ನನ್ನೇ ಪ್ರೈಮರ್ ಮಾಡಿಕೊಂಡಂತೆ. ಹಾಗೆಂದು ತೇವ ಆರದ ಮಣ್ಣುಗೋಡೆಗೆ ಪ್ಲಾಸ್ಟಿಕ್ಕಿನಂಥ ಪದರ ಮೆತ್ತಿದರೆ ಒಳಗಿನ ನೀರು ಅದನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಅಲ್ಲಿ ಸುಣ್ಣವೇ ಲೇಸು, ಅದು ಉಸಿರಾಡಲು ಬಿಡುತ್ತದೆ.

ಸುಣ್ಣ ಬಳಿಯುವಾಗ ಒಂದು ವಿಚಿತ್ರ ಗಮನಿಸಿರಬಹುದು. ಹಸಿ ಇದ್ದಾಗ ಗೋಡೆಯ ಕಲೆ ಎಲ್ಲ ಕಾಣುತ್ತದೆ, ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಬೆಳಕು ಚದುರುವುದು ಎರಡು ವಸ್ತುಗಳ ವಕ್ರೀಭವನಾಂಕದ ಅಂತರದಿಂದ. ಸುಣ್ಣದ ಕಣಕ್ಕೆ ಅದು ಸುಮಾರು 1.6, ನೀರಿಗೆ 1.33, ಅಂತರ ಕಡಿಮೆ, ಬೆಳಕು ತೂರಿ ಹೋಗುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದಾಗ ಒಂದು ಕಡೆ 1.6, ಇನ್ನೊಂದು ಕಡೆ 1. ಎಮಲ್ಶನ್ನಿನಲ್ಲಿ ಕಣಗಳ ನಡುವೆ ಅಂಟು ತುಂಬಿರುತ್ತದೆ, ಅದರ ಅಂಕವೇ 1.5. ಅಲ್ಲಿ ಸುಣ್ಣದ ಆಟ ನಡೆಯದು. ಅದಕ್ಕೇ 2.7ರಷ್ಟು ಅಂಕದ ಟೈಟಾನಿಯಂ ಡೈಆಕ್ಸೈಡ್ ಬೇಕು. ಡಬ್ಬದ ಬೆಲೆಯಲ್ಲಿ ಅದರ ಪಾಲು ದೊಡ್ಡದು.

ಲೀಟರಿನ ಲೆಕ್ಕ ಇನ್ನೊಮ್ಮೆ ತಪ್ಪುವುದು ಇಲ್ಲೇ. ಅಂಗಡಿಯ ಬಣ್ಣ ಬೆರೆಸುವ ಯಂತ್ರ ಕೋಡ್ ನೋಡಿ ಬೇಸ್ ಪೇಂಟಿಗೆ ಬಣ್ಣದ ದ್ರವವನ್ನು ಹನಿ ಲೆಕ್ಕದಲ್ಲಿ ಬಿಡುತ್ತದೆ. ತಿಳಿ ಬಣ್ಣಗಳ ಬೇಸಿನಲ್ಲಿ ಟೈಟಾನಿಯಂ ಧಾರಾಳ. ಕಡು ಬಣ್ಣದ ಬೇಸಿನಲ್ಲಿ ಕಡಿಮೆ, ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ. ಹಾಗಾಗಿ ಕಡು ಹಳದಿ, ಕೆಂಪು ಆರಿಸಿದವರಿಗೆ ಹಳೆಯ ಗೋಡೆ ಎರಡು ಕೋಟಿನ ಹಿಂದಿನಿಂದ ಇಣುಕುತ್ತದೆ. ಮೂರನೆಯದು ಎಂದರೆ ನುಣ್ಣಗಿನ ಗೋಡೆಗೂ ಮತ್ತೆ 12 ಲೀಟರ್. ಬಿಳಗಿಗೆ ಹಿಂದೆ ಶ್ವೇತಪುರವೆಂಬ ಹೆಸರೂ ಇತ್ತು. ಆ ಬಣ್ಣಕ್ಕೇ ಅಂಟಿಕೊಂಡರೆ ಖರ್ಚು ಕಡಿಮೆ. ಅಲ್ಲಿಯ ರತ್ನತ್ರಯ ಬಸದಿಗಂತೂ ಈ ತಾಪತ್ರಯವೇ ಇಲ್ಲ, ಇಡೀ ಕಟ್ಟಡ ಕಲ್ಲಿನದು.

ನನ್ನ ಸಲಹೆ ಇಷ್ಟು. ದೀಪಾವಳಿಯ ಅವಸರಕ್ಕೆ ಬಿದ್ದು ಹಸಿ ಗೋಡೆಗೆ ಬ್ರಶ್ ಹಚ್ಚಬೇಡಿ, ಚಳಿಗಾಲ ಕಳೆಯಲಿ. ಪಾಚಿ ಕೆರೆದು, ಪ್ರೈಮರ್ ಹೊಡೆದು, ಗೋಡೆಯ ಮೇಲೆ 50 ಚದರಡಿ ಗುರುತು ಹಾಕಿ. ಅದಕ್ಕೆ ಎರಡೂ ಕೋಟ್ ಮುಗಿಸಿ ಎಷ್ಟು ಲೀಟರ್ ಖರ್ಚಾಯಿತು ನೋಡಿ. 1,360 ಚದರಡಿಯ ಮನೆಯಾದರೆ ಅದನ್ನು 27ರಿಂದ ಗುಣಿಸಿದರಾಯಿತು. ಆಮೇಲೆ ಎಲ್ಲವನ್ನೂ ಒಂದೇ ಸಲ ತನ್ನಿ, ದೊಡ್ಡ ಡ್ರಮ್ಮಿನಲ್ಲಿ ಒಟ್ಟಿಗೆ ಕಲಸಿ; ಬೇರೆ ಬೇರೆ ದಿನ ಬೆರೆಸಿದ ಡಬ್ಬಗಳ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ. ಸೀಲ್ ಒಡೆಯದ ಬಿಳಿ ಡಬ್ಬವನ್ನು ಅಂಗಡಿಯವರು ವಾಪಸು ತೆಗೆದುಕೊಂಡಾರು, ಯಂತ್ರದಲ್ಲಿ ಬೆರೆಸಿದ್ದನ್ನು ತೆಗೆದುಕೊಳ್ಳುವುದಿಲ್ಲ.