ಸಮುದಾಯ ಕಾಲೇಜುಗಳು: ಪಥ್ಯಾಹಾರ ಮತ್ತು ನಕ್ಷಾರಚನೆಯ ಶಿಕ್ಷಣ

ಪಿ.ಯು.ಸಿ. ಮಟ್ಟದಲ್ಲಿಯೇ ವ್ಯಾಸಂಗವನ್ನು ನಿಲ್ಲಿಸಿದವರಿಗೆ, ವಿವಾಹಾನಂತರ ಓದನ್ನು ಮುಂದುವರಿಸಲಾಗದ ಮಹಿಳೆಯರಿಗೆ ಹಾಗೂ ಉದ್ಯೋಗದಲ್ಲಿದ್ದುಕೊಂಡೇ ಹೊಸ ಕೌಶಲ ಪಡೆಯಬಯಸುವವರಿಗೆ ಮನೆಯ ಸಮೀಪದಲ್ಲೇ ಅಲ್ಪಾವಧಿಯ ಶಿಕ್ಷಣ ಒದಗಿಸುವುದು ಸಮುದಾಯ ಕಾಲೇಜುಗಳ ಉದ್ದೇಶವಾಗಿದೆ. ನಮ್ಮ ದೇಶದಲ್ಲಿ ಈ ಪ್ರಯೋಗವು 1995ರಲ್ಲಿ ಪುದುಚೇರಿಯಲ್ಲಿಯೂ, 1996ರಲ್ಲಿ ಮದರಾಸಿನಲ್ಲಿಯೂ ಆರಂಭವಾಯಿತು. 2013ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಇದಕ್ಕೆ ಪ್ರತ್ಯೇಕ ಮಾರ್ಗಸೂಚಿಯನ್ನು ರೂಪಿಸಿತು.

ಹೆಸರು ಹೊಸದಾದರೂ ಗುಜರಾತಿಗೆ ಈ ವಿಚಾರ ಹೊಸದಲ್ಲ. ವಡೋದರಾದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1890ರಲ್ಲಿ ಕಲಾಭವನವು ಸ್ಥಾಪಿತವಾಯಿತು. ಅದರ ರೂವಾರಿ ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್ ಸೂರತ್‌ನವರು. ಗುಜರಾತಿಯಲ್ಲಿ ಗಜ್ಜರ್ ಎಂದರೆ ಬಡಗಿ. ಕುಶಲಕರ್ಮಿಯ ಮಗನಿಗೆ ಅವನ ಮಾತೃಭಾಷೆಯಲ್ಲಿಯೇ ಶಾಸ್ತ್ರವನ್ನು ಕಲಿಸಬೇಕೆಂಬುದು ಅವರ ನಿಲುವಾಗಿತ್ತು. ನಕ್ಷೆ ಬರೆಯುವುದು, ಬಣ್ಣ ಹಾಕುವುದು, ಯಂತ್ರವಿದ್ಯೆ ಮುಂತಾದವನ್ನು ಬೋಧಿಸಿದ ಆ ಸಂಸ್ಥೆಯೇ ಮುಂದೆ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ತಾಂತ್ರಿಕ ವಿಭಾಗವಾಯಿತು. 1949ರಲ್ಲಿ ಆರಂಭವಾದ ಈ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿ ಶ್ರೀಮತಿ ಹಂಸಾ ಮೆಹ್ತಾ ಅವರೂ ಸೂರತ್‌ನಲ್ಲಿಯೇ ಜನಿಸಿದವರು. ಗೃಹವಿಜ್ಞಾನ ವಿಭಾಗವು ನೆಲೆಗೊಂಡುದು ಅವರ ಕಾಲದಲ್ಲಿ. ಹೀಗೆ ನಕ್ಷಾರಚನೆ ಮತ್ತು ಆಹಾರಶಾಸ್ತ್ರಗಳೆರಡೂ ಒಂದೇ ಊರಿನಲ್ಲಿ ಬೇರೂರಿದವು.

ಪಥ್ಯಾಹಾರವೆಂದರೆ ಗಂಜಿ, ತಿಳಿಸಾರು ಎಂದಷ್ಟೇ ತಿಳಿಯುವವರುಂಟು. ವಾಸ್ತವವಾಗಿ ಇದು ಲೆಕ್ಕಾಚಾರದ ವಿದ್ಯೆ. ಅಹಮದಾಬಾದಿನ ಮನೆಗಳಲ್ಲಿ ತೊಗರಿಬೇಳೆಯ ದಾಲ್‌ಗೂ ಬೆಲ್ಲ ಬೀಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಕರಿದ ಫರ್ಸಾಣ್ ಇಲ್ಲದೆ ಊಟ ಪೂರ್ಣವಾಗದು. ಅಲ್ಲಿನ ಮಧುಮೇಹಿಗೆ ಕೇವಲ ಸಿಹಿತಿಂಡಿಯನ್ನು ನಿಷೇಧಿಸಿದರೆ ಸಾಲದು. ದಾಲ್‌ನಲ್ಲಿ ಅಡಗಿರುವ ಬೆಲ್ಲವನ್ನೂ ಎಣಿಸಬೇಕು. ಮೂತ್ರಪಿಂಡದ ಕಾಯಿಲೆಯವರಿಗೆ ಹಪ್ಪಳದ ಉಪ್ಪನ್ನು ಕಡಿಮೆ ಮಾಡಬೇಕು. ವೈದ್ಯರು ಪೊಟ್ಯಾಸಿಯಂ ಮಿತಿ ವಿಧಿಸಿದ್ದರೆ ಆಲೂಗಡ್ಡೆಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲುವುದನ್ನು ಮನೆಯವರಿಗೆ ಕಲಿಸಬೇಕು. ರೋಗಿ 'ಒಂದು ಬಟ್ಟಲು' ಎಂದಾಗ ಆ ಬಟ್ಟಲಿನ ಅಳತೆಯೆಷ್ಟೆಂದು ಕೇಳುವುದೇ ಈ ಶಾಸ್ತ್ರದ ಮೊದಲ ಪಾಠ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ಪೋಷಕಾಂಶಗಳ ವಿವರ ಲಭ್ಯವಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆರು ತಿಂಗಳ ಅಥವಾ ಒಂದು ವರ್ಷದ ಪ್ರಮಾಣಪತ್ರ ಪಡೆದವರೆಲ್ಲರೂ ಆಹಾರತಜ್ಞರಾಗುವುದಿಲ್ಲ. ಆಯೋಗದ 2013ರ ಮಾರ್ಗಸೂಚಿಯನ್ವಯ ಆರು ತಿಂಗಳಿಗೆ 30, ಒಂದು ವರ್ಷದ ಡಿಪ್ಲೊಮಾಕ್ಕೆ 60 ಕ್ರೆಡಿಟ್‌ಗಳು. ಒಂದು ಕ್ರೆಡಿಟ್‌ಗೆ 15 ಗಂಟೆಗಳ ಬೋಧನೆಯೆಂದು ಹಿಡಿದರೆ ವರ್ಷಕ್ಕೆ 900 ಗಂಟೆಗಳಾಗುತ್ತವೆ. ಆದರೆ ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮವು ಆಹಾರತಜ್ಞರನ್ನೂ ತನ್ನ ಅನುಸೂಚಿಯಲ್ಲಿ ಸೇರಿಸಿದೆ. ಅದರ ಪ್ರಕಾರ ಸಹಾಯಕ ವೃತ್ತಿಗೆ ಕನಿಷ್ಠ 2000 ಗಂಟೆಗಳ, ಪೂರ್ಣ ವೃತ್ತಿಪರರಿಗೆ 3600 ಗಂಟೆಗಳ ಶಿಕ್ಷಣ ಆಗಿರಬೇಕು. ಅಲ್ಪಾವಧಿಯ ಶಿಕ್ಷಣ ಪಡೆದವರು ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಣೆ, ವಸತಿನಿಲಯದ ಭೋಜನಶಾಲೆಯ ನಿರ್ವಹಣೆ, ಆಹಾರತಜ್ಞರಿಗೆ ನೆರವು ಇಂತಹ ಕೆಲಸಗಳಿಗೆ ಉಪಯುಕ್ತರು. ರೋಗಿಗೆ ಸ್ವತಂತ್ರವಾಗಿ ಪಥ್ಯ ಬರೆದುಕೊಡುವ ಅರ್ಹತೆ ಬೇರೆಯದು. ಜಾಹೀರಾತುಗಳು ಈ ವ್ಯತ್ಯಾಸವನ್ನು ಮರೆಮಾಚುವುದುಂಟು. ಅದರಿಂದ ಶುಲ್ಕ ಕಳೆದುಕೊಳ್ಳುವವನು ವಿದ್ಯಾರ್ಥಿಯಾದರೆ ಆರೋಗ್ಯ ಕಳೆದುಕೊಳ್ಳುವವನು ರೋಗಿ.

ತಾಂತ್ರಿಕ ನಕ್ಷಾರಚನೆಯ ಹಾದಿ ಇದಕ್ಕಿಂತ ಸ್ಪಷ್ಟವಾಗಿದೆ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಸಿವಿಲ್ ಮತ್ತು ಮೆಕ್ಯಾನಿಕಲ್ ಡ್ರಾಫ್ಟ್ಸ್‌ಮನ್ ಎಂಬ ಎರಡು ವರ್ಷಗಳ ವೃತ್ತಿಗಳಿದ್ದು, ಗಣಿತ ಮತ್ತು ವಿಜ್ಞಾನಗಳೊಡನೆ ಹತ್ತನೆಯ ತರಗತಿ ತೇರ್ಗಡೆಯಾದವರು ಸೇರಬಹುದು. ಹಲಗೆ, ಟಿ-ಸ್ಕ್ವೇರ್, ಸೆಟ್‌ಸ್ಕ್ವೇರ್‌ಗಳ ಸ್ಥಾನವನ್ನು ಈಗ ಬಹುಮಟ್ಟಿಗೆ ಕಂಪ್ಯೂಟರ್ ಆಕ್ರಮಿಸಿದೆ. ಆದರೆ ವಸ್ತುವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಶಕ್ತಿಯನ್ನು ಯಂತ್ರ ಕೊಡಲಾರದು. ಭಾರತದಲ್ಲಿ ಸಾಮಾನ್ಯವಾಗಿ ಪ್ರಥಮ ಕೋನ ಪ್ರಕ್ಷೇಪ ಪದ್ಧತಿ ಬಳಕೆಯಲ್ಲಿದೆ. ಇದರಲ್ಲಿ ಮೇಲಿನಿಂದ ಕಂಡ ನೋಟವನ್ನು ಮುಂಭಾಗದ ನೋಟದ ಕೆಳಗೆ ಬರೆಯುತ್ತಾರೆ. ಅಮೆರಿಕದ ತೃತೀಯ ಕೋನ ಪದ್ಧತಿಯಲ್ಲಿ ಅದೇ ನೋಟ ಮೇಲ್ಗಡೆಗೆ ಬರುತ್ತದೆ. ಆದುದರಿಂದಲೇ ನಕ್ಷೆಯ ಮೂಲೆಯಲ್ಲಿ ಪದ್ಧತಿಯ ಚಿಹ್ನೆಯನ್ನು ನಮೂದಿಸಬೇಕು. ಅದನ್ನು ಗಮನಿಸದೆ ಓದಿದರೆ ಎಡಗಡೆ ಕೊರೆಯಬೇಕಾದ ರಂಧ್ರ ಬಲಗಡೆ ಬೀಳುತ್ತದೆ, ಇಡೀ ಲೋಹದ ತುಂಡು ವ್ಯರ್ಥವಾಗುತ್ತದೆ. ವಡೋದರಾ ಸುತ್ತಲಿನ ತೈಲ ಶುದ್ಧೀಕರಣ ಹಾಗೂ ರಾಸಾಯನಿಕ ಘಟಕಗಳಲ್ಲಿ ಕೊಳವೆಜಾಲದ ನಕ್ಷೆಗಳಿಗೂ, ಸೂರತ್‌ನಲ್ಲಿ ಮಗ್ಗಗಳ ಬಿಡಿಭಾಗಗಳ ನಕ್ಷೆಗಳಿಗೂ, ಅಹಮದಾಬಾದಿನಲ್ಲಿ ಕಟ್ಟಡ ಹಾಗೂ ಯಂತ್ರ ನಿರ್ಮಾಣಕ್ಕೂ ನಕ್ಷೆಗಾರರು ಬೇಕು.

ಸೇರಬಯಸುವವರು ಶುಲ್ಕ ಪಾವತಿಸುವ ಮುನ್ನ ಪ್ರಮಾಣಪತ್ರ ನೀಡುವ ಸಂಸ್ಥೆ ಯಾವುದು, ಅದನ್ನು ಮಾನ್ಯ ಮಾಡಿರುವ ಪ್ರಾಧಿಕಾರ ಯಾವುದು, ಕಾರ್ಖಾನೆ ಅಥವಾ ಆಸ್ಪತ್ರೆಯಲ್ಲಿ ತರಬೇತಿ ಎಷ್ಟು ದಿನ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯುವುದು ಉಚಿತ. ಮೇಲೆ ಹೇಳಿದ ಕೇಂದ್ರ ಅಧಿನಿಯಮ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಐ.ಟಿ.ಐ. ಮುಗಿಸಿದ ನಕ್ಷೆಗಾರರು ಗುಜರಾತ್, ಕರ್ನಾಟಕಗಳೆರಡರಲ್ಲಿಯೂ ನಿಯಮಾನುಸಾರ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಕೋರಬಹುದು. ಅಲ್ಲದೆ 1961ರ ಶಿಶಿಕ್ಷು ಅಧಿನಿಯಮದಡಿ ಭತ್ಯೆಸಹಿತ ತರಬೇತಿಗೂ ಅರ್ಜಿ ಸಲ್ಲಿಸಬಹುದಾಗಿದೆ.