ಗಿಟ್ ಹಾಕಿಕೊಂಡರೆ ಫೈಲ್ ಎಂದಿಗೂ ಕಳೆಯುವುದಿಲ್ಲವೇ?

'ಗಿಟ್ ಹಾಕಿಕೊಳ್ಳಿ, ಬ್ಯಾಕಪ್ ಚಿಂತೆಯೇ ಬೇಡ.' ಕಂಪ್ಯೂಟರ್ ಕಲಿಯುವವರ ನಡುವೆ ಆಗಾಗ ಕೇಳಿಬರುವ ಸಲಹೆ ಇದು. ಇದರಲ್ಲಿ ಅರ್ಧ ಮಾತ್ರ ನಿಜ. ಪೂರ್ತಿ ನಂಬಿದರೆ ವರ್ಷಗಳ ಕೆಲಸ ಕೈತಪ್ಪಬಹುದು.

ದೊಡ್ಡಬಳ್ಳಾಪುರ ಪವರ್‌ಲೂಮ್ ಸೀರೆಗಳ ಊರು. ಎಲೆಕ್ಟ್ರಾನಿಕ್ ಜಕಾರ್ಡ್ ಇರುವ ಮಗ್ಗಕ್ಕೆ ಸೆರಗಿನ ಡಿಸೈನ್ ಹೋಗುವುದು ಕಂಪ್ಯೂಟರ್ ಫೈಲ್ ಆಗಿ. ಮನೆಯಲ್ಲೇ ಡಿಸೈನ್ ಮಾಡುವವರೊಬ್ಬರನ್ನು ಊಹಿಸಿಕೊಳ್ಳೋಣ. ಫೋಲ್ಡರ್ ತುಂಬ 'ಫೈನಲ್', 'ಫೈನಲ್-2', 'ನಿಜವಾದ ಫೈನಲ್'. ಹೋದ ದೀಪಾವಳಿಯ ಸೆರಗೇ ಬೇಕು ಎಂದು ವ್ಯಾಪಾರಿ ಕೇಳಿದರೆ ಯಾವುದನ್ನು ಕೊಡುವುದು?

ಈ ಗೊಂದಲ ತಪ್ಪಿಸಲೆಂದೇ ವರ್ಷನ್ ಕಂಟ್ರೋಲ್ ಇದೆ. ಯಾವಾಗ ಏನು ಬದಲಾಯಿತು ಎಂದು ಅದು ದಾಖಲಿಸಿಡುತ್ತದೆ. ಬೇಕಾದಾಗ ಹಳೆಯದಕ್ಕೆ ಮರಳಬಹುದು.

ಎರಡು ಬಗೆ

ಊರಿನ ಲೆಕ್ಕವೆಲ್ಲ ಶಾನುಭೋಗರ ಬಳಿಯ ಒಂದೇ ಕಡತದಲ್ಲಿದ್ದಂತೆ ಕೇಂದ್ರೀಕೃತ ವ್ಯವಸ್ಥೆ. ಸಬ್‌ವರ್ಷನ್ ಇದಕ್ಕೆ ಉದಾಹರಣೆ. ಪೂರ್ತಿ ಇತಿಹಾಸ ಸರ್ವರ್‌ನಲ್ಲಿರುತ್ತದೆ, ನಿಮ್ಮ ಬಳಿ ಇರುವುದು ಸಾಮಾನ್ಯವಾಗಿ ಇತ್ತೀಚಿನ ಪ್ರತಿ ಮಾತ್ರ. ಆ ಕಡತವನ್ನು ಮನೆಮನೆಗೂ ನಕಲು ಮಾಡಿ ಕೊಟ್ಟರೆ ಅದು ವಿಕೇಂದ್ರೀಕೃತ. ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಬರೆದ ಗಿಟ್ ಈ ಬಗೆಯದು.

ಒಬ್ಬರೇ ಮಾಡುವ ಕೆಲಸಕ್ಕೆ ಯಾವುದು?

ಹೆಚ್ಚಿನವರಿಗೆ ಗಿಟ್ ಸಾಕು. ಸರ್ವರ್ ಬೇಡ, ಕರೆಂಟ್ ಹೋಗಿ ವೈಫೈ ನಿಂತರೂ ಲ್ಯಾಪ್‌ಟಾಪ್‌ನಲ್ಲೇ ದಾಖಲಿಸಬಹುದು. ಆದರೆ ಅಕ್ಷರಗಳಿರುವ ಫೈಲ್‌ನಲ್ಲಿ ಇಬ್ಬರ ತಿದ್ದುಪಡಿಯನ್ನು ಬೆಸೆಯುವಂತೆ ಚಿತ್ರಗಳಲ್ಲಿ ಬೆಸೆಯಲಾಗದು. ಅಣ್ಣ-ತಮ್ಮ ಇಬ್ಬರೂ ಒಂದೇ ಸೆರಗನ್ನು ತಿದ್ದುವುದಾದರೆ, ಒಬ್ಬರು ತಿದ್ದುವಾಗ ಇನ್ನೊಬ್ಬರಿಗೆ ಬೀಗ ಹಾಕುವ ಸಬ್‌ವರ್ಷನ್ ಸೌಲಭ್ಯ ಅನುಕೂಲ. ದೊಡ್ಡ ಚಿತ್ರಗಳನ್ನು ಪದೇಪದೇ ಬದಲಿಸಿದರೆ ಗಿಟ್ ಇತಿಹಾಸ ಊದಿಕೊಳ್ಳುತ್ತದೆ ಎಂಬುದೂ ನೆನಪಿರಲಿ.

ಸಲಹೆಯಲ್ಲಿ ತಪ್ಪೇನು?

ಗಿಟ್ ಇತಿಹಾಸ ಇರುವುದು ಅದೇ ಫೋಲ್ಡರ್‌ನೊಳಗೆ. ಡಿಸ್ಕ್ ಕೆಟ್ಟರೆ ಫೈಲೂ ಹೋಯಿತು, ಇತಿಹಾಸವೂ ಹೋಯಿತು. ನಕಲು ಬೇರೆ ಕಡೆ ಇದ್ದರೆ ಮಾತ್ರ 'ವಿಕೇಂದ್ರೀಕೃತ' ಎಂಬುದಕ್ಕೆ ಅರ್ಥ.

ಗಿಟ್ ಮತ್ತು ಗಿಟ್‌ಹಬ್ ಕೂಡ ಒಂದೇ ಅಲ್ಲ. ಗಿಟ್‌ಹಬ್ 2008ರಲ್ಲಿ ಬಂದ ಜಾಲತಾಣ. ಅಲ್ಲಿ 'ಪಬ್ಲಿಕ್' ಎಂದು ಹಾಕಿದ ಡಿಸೈನ್ ಯಾರಿಗೂ ಸಿಗುತ್ತದೆ, 'ಪ್ರೈವೇಟ್' ಆರಿಸಿಕೊಳ್ಳಿ. ತಪ್ಪಿ ಸೇರಿಸಿದ ಪಾಸ್‌ವರ್ಡನ್ನು ಆಮೇಲೆ ಅಳಿಸಿದರೂ ಹಳೆಯ ದಾಖಲೆಯಲ್ಲಿ ಉಳಿದಿರುತ್ತದೆ, ಹಾಗಾಗಿ ಅದನ್ನು ಬದಲಿಸಲೇಬೇಕು. ಜಾಲತಾಣವೂ ಶಾಶ್ವತವಲ್ಲ: 2006ರಲ್ಲಿ ಶುರುವಾದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು.

ಕೊನೆಯ ಮಾತು

ನಮ್ಮ ಸಲಹೆ: ಗಿಟ್ ಬಳಸಿ. ಒಂದು ಪೂರ್ತಿ ನಕಲು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಮನೆಯಿಂದ ಹೊರಗೆ ಇರಲಿ. ತಿಂಗಳಿಗೊಮ್ಮೆ ಆ ನಕಲಿನಿಂದ ಹಳೆಯ ಫೈಲೊಂದನ್ನು ತೆರೆದು ನೋಡಿ. ತೆರೆದರಷ್ಟೇ ಅದು ಬ್ಯಾಕಪ್. ಆ ಸಲಹೆ ನಿಮ್ಮ ಗುಂಪಿಗೆ ಬಂದರೆ, ಈ ಮಾತನ್ನೂ ಸೇರಿಸಿ ಕಳಿಸಿ.